ಸ್ವೆಟರ್ ಕೇಸಿನ ಪರ್ಪ್

ಹೊಟ್ಟೆಪಾಡಿಗಾಗಿ ನಾನು ಇಂಗ್ಲಿಷ್ ಪೊಲೀಸ್ ಧಾರಾವಾಹಿಗಳ ಮಾತನ್ನು ಕನ್ನಡಕ್ಕೆ ಇಳಿಸುತ್ತೇನೆ. ಪರದೆಯ ಕೆಳಗೆ, ಓದಿ ಮುಗಿಸುವ ಮುಂಚೆಯೇ ಓಡಿಹೋಗುತ್ತವಲ್ಲ, ಆ ಸಾಲುಗಳು ನನ್ನವು. ಎಷ್ಟೋ ಕೊಲೆಗಾರರ ಜೊತೆ ಏಗಿದ್ದೇನೆ, ಯಾರೂ ನನ್ನ ನಿದ್ದೆ ಕೆಡಿಸಲಿಲ್ಲ. ಕೆಡಿಸಿದ್ದು ಒಂದು ಪದ: ಪರ್ಪ್.

ಅಲ್ಲಿನ ಪೊಲೀಸರು ಕಾಫಿ ಹೀರುತ್ತಾ 'ಪರ್ಪ್ ಹಿಂಬಾಗಿಲಿಂದ ಓಡಿದ' ಎನ್ನುತ್ತಾರೆ. ಅಂದರೆ, ಆ ಕೆಲಸ ಮಾಡಿದ ಆಸಾಮಿ. ಹೆಸರು ಗೊತ್ತಿರಬೇಕಿಲ್ಲ, ಯಾರೋ ಮಾಡಿದ್ದಾರೆ ಎಂದು ಗೊತ್ತಿದ್ದರೆ ಸಾಕು. 'ಅಪರಾಧಿ' ಎನ್ನೋಣವೆಂದರೆ ನ್ಯಾಯಾಲಯ ಇನ್ನೂ ಹೇಳಿಲ್ಲ. 'ಆರೋಪಿ' ಎಂದರೆ ಸೂಟುಬೂಟು ತೊಡಿಸಿದಂತಾಗುತ್ತದೆ. ಪರ್ಪ್ ಎನ್ನುವುದು ಠಾಣೆಯ ಜಗಲಿಯ ಮಾತು. 'ಕಳ್ಳ' ಎನ್ನೋಣವೆಂದರೆ ಪಾಪ, ಅವನು ಕದ್ದಿಲ್ಲ, ಬರೀ ಕೊಂದಿದ್ದಾನೆ.

ಈ ಮಹಾಸಂಕಟವನ್ನು ಊಟದ ಹೊತ್ತಿನಲ್ಲಿ ಹೆಂಡತಿಗೂ, ನಮ್ಮ ಜೊತೆಗೇ ಇರುವ ಮಾವನವರಿಗೂ ನಿವೇದಿಸಿಕೊಂಡೆ. ಮಾವ ಸುಮ್ಮನೆ ತಲೆದೂಗಿದರು. ಹೆಂಡತಿ ಪದವನ್ನು ಕೂಡಲೇ ಬಳಕೆಗೆ ತಂದಳು. ಹಾಲು ಉಕ್ಕಿದರೆ, ನಲ್ಲಿ ಸೋರಿದರೆ, ಬಚ್ಚಲಿನ ದೀಪ ಉರಿಯುತ್ತಲೇ ಇದ್ದರೆ ಪರ್ಪ್ ಯಾರೆಂದು ನಗುತ್ತಾ ಕೇಳುತ್ತಿದ್ದಳು. (ವಿಚಾರಣೆ ಬೇಕಾಗುತ್ತಿರಲಿಲ್ಲ. ನಾನು ಮನೆಯಲ್ಲೇ ಇರುತ್ತೇನಲ್ಲ.)

ಮೊನ್ನೆ ಭಾನುವಾರ ಕೇಳಿದಾಗ ಅವಳು ನಗಲಿಲ್ಲ.

ಅತ್ತೆ ತೀರಿಕೊಂಡು ಒಂದು ಚಳಿಗಾಲ ಕಳೆದಿದೆ. ಅವರ ನೀಲಿ ಸ್ವೆಟರನ್ನು ನನ್ನಾಕೆ ಒಗೆಯದೆ ಬೀರುವಿನಲ್ಲಿ ಇಟ್ಟುಕೊಂಡಿದ್ದಳು. ತೀರಾ ಬೇಸರವಾದ ದಿನ ಬೀರು ತೆರೆದು, ಅದಕ್ಕೆ ಮುಖ ಒತ್ತಿ ನಿಲ್ಲುತ್ತಿದ್ದಳು. ಅಮ್ಮನ ವಾಸನೆ ಅದರಲ್ಲಿ ಇನ್ನೂ ಇತ್ತು. ಈಗ ಆ ಸ್ವೆಟರ್ ಅಂಚಿಗೆ ಅಂಚು ಕೂಡಿ, ಹೊಸದರಂತೆ ಮಡಿಚಿಕೊಂಡು ಕೂತಿತ್ತು. ಮೂಸಿದರೆ ಸೋಪು, ಬರೀ ಸೋಪು.

"ಪರ್ಪ್ ಯಾರು?" ಎಂದಳು. ದನಿ ಏರಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ನಾನು ಪತ್ತೇದಾರನ ಅವತಾರ ತಾಳಿದೆ. ಮನೆಯಲ್ಲಿರುವುದು ಮೂವರು. ಒಬ್ಬಳು ಫಿರ್ಯಾದಿ, ಒಬ್ಬ ಪತ್ತೇದಾರ. ಉಳಿದವರು ಜೀವಮಾನವೆಲ್ಲ ಲಾಂಡ್ರಿ ಅಂಗಡಿ ನಡೆಸಿದವರು. ತಲೆ ಖರ್ಚು ಮಾಡುವಂಥದ್ದೇನೂ ಇರಲಿಲ್ಲ, ಆದರೂ ಮೀಸೆ ತಿರುವಿಕೊಂಡು ಹಿತ್ತಿಲಿಗೆ ಹೋದೆ. ಮಾವ ಬಟ್ಟೆ ಹಗ್ಗದ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಕೇಳುವ ಮೊದಲೇ ಬಾಯಿಬಿಟ್ಟರು.

"ಊರಿನ ಬಟ್ಟೆಯೆಲ್ಲ ಒಗೆದೆ. ಅವಳದ್ದು ಮಾತ್ರ ಯಾವಾಗಲೂ ನಾಳೆ. ಈ ಸ್ವೆಟರ್ ಒಗೆದುಕೊಡಿ ಅಂತ ಎಷ್ಟು ಸಲ ಕೇಳಿದ್ಳೋ. ಕೊಳೆಯಾಗೇ ಉಳಿದಿತ್ತಲ್ಲ, ನೋಡೋಕಾಗ್ಲಿಲ್ಲ." ಆಮೇಲೆ ದನಿ ತಗ್ಗಿಸಿ, "ಮಗಳಿಗೆ ಹೇಳ್ಬೇಡಿ" ಎಂದರು.

ನನ್ನ ಪತ್ತೇದಾರಿಕೆಯೆಲ್ಲ ಇಳಿದುಹೋಯಿತು. ಧಾರಾವಾಹಿಯಲ್ಲಾದರೆ ಪರ್ಪ್ ಒಪ್ಪಿಕೊಂಡ ಕೂಡಲೇ ಕಥೆ ಮುಗಿಯುತ್ತದೆ. ಇಲ್ಲಿ ಅವರು ಒಳಗೆ ಬಂದು ಮಗಳ ಎದುರಿಗೇ ಊಟಕ್ಕೆ ಕೂರಬೇಕು.

ಒಳಗೆ ಹೋಗಿ "ನಾನೇ ಒಗೆದೆ" ಎಂದೆ. ಅಂಥ ತ್ಯಾಗಕ್ಕೆ ಹಿನ್ನೆಲೆ ಸಂಗೀತವಾದರೂ ಇರಬೇಕಿತ್ತು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವಾ? ಒಂದು ಕರ್ಚೀಫ್ ಮಡಚೋಕೆ ಬರಲ್ಲ ನಿಮಗೆ. ಇದು ಯಾರ ಕೈ ಅಂತ ನನಗೆ ಗೊತ್ತಾಗಲ್ವಾ? ಆ ಅಂಗಡಿಯ ಇಸ್ತ್ರಿ ಮೇಜಿನ ಕೆಳಗೇ ಬೆಳೆದವಳು ನಾನು."

ಮತ್ತೆ ಕೇಳಿದ್ದೇಕೆ ಎಂದೆ, ಪೆಚ್ಚಾಗಿ.

"ಅಪ್ಪನ್ನ ಬೈಯೋಕಾಗಲ್ಲ. ಯಾರನ್ನೂ ಬೈಯದೇ ಇದ್ರೆ ನನ್ನ ಎದೆ ಒಡೆದುಹೋಗುತ್ತೆ. ಒಪ್ಕೊಂಡಿದೀರಲ್ಲ, ಕೂತ್ಕೊಳ್ಳಿ."

ಕೂತೆ. ಸ್ವೆಟರಿನಿಂದ ಶುರು ಮಾಡಿ, ನಮ್ಮ ವಂಶವೃಕ್ಷದ ಕೊಂಬೆಕೊಂಬೆಯನ್ನೂ ಅಲುಗಾಡಿಸಿದಳು. ಬೈಯುತ್ತಾ ಬೈಯುತ್ತಾ ಅಳತೊಡಗಿದಳು. ಅತ್ತೆ ಹೋದ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ನನಗೂ ಅಳು ಬಂತು. ಬೈಸಿಕೊಳ್ಳುವವನೂ ಅತ್ತರೆ ಬೈಯುವವರಿಗೆ ಅಡಚಣೆ ಎಂದು ತಡೆದುಕೊಂಡೆ.

ಗಲಾಟೆ ಕೇಳಿ ಮಾವ ಬಾಗಿಲಿಗೆ ಬಂದರು. ಬೈಗುಳ ಯಾರ ಪಾಲಿಗೆ ಬೀಳುತ್ತಿದೆ ಎಂದು ಸ್ವಲ್ಪ ಹೊತ್ತು ನಿಂತು ಆಲಿಸಿದರು. ಮುಖ ಮೆಲ್ಲಗೆ ತಿಳಿಯಾಯಿತು. ಮಗಳ ಕೈಗೆ ನೀರಿನ ಲೋಟ ಕೊಟ್ಟು, ಅವಳ ತಲೆ ಸವರಿ, ನನ್ನ ಕಡೆ ತಿರುಗಿದರು.

"ಸತ್ತವರ ಬಟ್ಟೆ ಮುಟ್ಟೋ ಮುಂಚೆ ಒಂದು ಮಾತು ಕೇಳ್ಬಾರ್ದಾ, ಅಳಿಯಂದ್ರೇ?" ಎಂದರು.