ದೊರೆಯ ಹಗ್ಗ, ನನ್ನ ಹಾಡು

ನನ್ನ ಬಾಯಿಗೊಂದು ಬೀಗ ಹಾಕಿಸಬೇಕೆಂದು ನನ್ನ ಹೆಂಡತಿ ವಿಲ್ಮಾ ಮದುವೆಯಾದಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ಹಾಕಿಸಿದ್ದರೆ ಈ ಪೇಚಾಟ ಇರುತ್ತಿರಲಿಲ್ಲ.

ದೋಹಾದ ನಮ್ಮ ಆಫೀಸಿನ ಮ್ಯಾನೇಜರು ಇಂಗ್ಲೆಂಡಿನವರು. (ಬೆನ್ನ ಹಿಂದೆ ನಾವು 'ದೊರೆ' ಎನ್ನುತ್ತೇವೆ, ಎದುರಿಗೆ ಬರೇ 'ಸರ್'.) ಅವರಿಗೆ ತಮ್ಮ ದೇಶದ ಹಳೆಯ ಜನಪದ ಹಾಡುಗಳೆಂದರೆ ಪ್ರಾಣ. ಅದರಲ್ಲೂ ಹಾಯಿಹಡಗಿನ ನಾವಿಕರ ಹಾಡುಗಳು. ಒಬ್ಬ ಒಂದು ಸಾಲು ಕೂಗಬೇಕು, ಉಳಿದವರು ಪಲ್ಲವಿ ಹೇಳುತ್ತಾ ಹಗ್ಗ ಎಳೆಯಬೇಕು. ಗುರುವಾರ ಸಂಜೆ ಅಲ್ ಗರಾಫಾದ ತಮ್ಮ ವಿಲ್ಲಾದಲ್ಲಿ ಅಂಥದ್ದೊಂದು ಕೂಟ ಇಟ್ಟುಕೊಂಡಿದ್ದರು. ಅದಕ್ಕೆ ಗಾಯಕರನ್ನು ಹುಡುಕುತ್ತಿದ್ದ ಹೊತ್ತಿಗೇ ನಾನು ಡಿಸೆಂಬರಿನ ರಜೆ ಕೇಳಲು ಅವರ ಕೋಣೆಗೆ ಹೋಗಬೇಕೇ! ಊರಲ್ಲಿ ವಿಲ್ಮಾಳ ತಂಗಿ ಮ್ಯಾಗ್ಡಲಿನ್‌ಳ ಮದುವೆ. ರಜೆ ಸಿಗದಿದ್ದರೆ ಮನೆಯಲ್ಲಿ ನನಗೆ ಅನ್ನವೂ ಸಿಗದು.

"ವಲೇರಿಯನ್, ನೀವು ಕಡಲತೀರದವರಲ್ಲವೇ?" ಎಂದರು ದೊರೆ.

"ಸರ್, ನನ್ನ ಮೈಯಲ್ಲಿ ಹರಿಯುವುದೇ ಉಪ್ಪುನೀರು!" ಎಂದುಬಿಟ್ಟೆ. (ಇಲ್ಲಿನ ಕಡಲದಂಡೆ ಕಾರ್ನಿಶ್‌ನಲ್ಲಿ ದೋಣಿಯ ಕಟ್ಟು ಬಿಚ್ಚುವ ಮೊದಲೇ ವಾಂತಿ ಮಾಡಿಕೊಂಡ ಮಹಾನಾವಿಕ ನಾನು.)

"ಹಾಗಾದರೆ ಗುರುವಾರ ಮುಖ್ಯ ಗಾಯಕ ನೀವೇ. ರಜೆಯ ಮಾತು ಆಮೇಲೆ."

ಮನೆಗೆ ಬಂದು ಹೇಳಿದ್ದೇ ತಡ, ವಿಲ್ಮಾ ಸೌಟು ಹಿಡಿದೇ ಹೊರಬಂದಳು.

"ಎಂತ ಮಾರಾಯ್ರೇ! ನಿಮಗೆ ಬರುವುದು ಇಗರ್ಜಿಯ ಹಾಡು ಮಾತ್ರ. ಅದೂ ಮರಣದ ಪೂಜೆ ಇದ್ದರೆ ಮಾತ್ರ ನಿಮ್ಮನ್ನು ಕರೆಯುವುದು!"

"ಹಾಡು ಹಾಡೇ ಅಲ್ವಾ ಮಾರಾಯ್ತಿ?"

"ನೋಡಿ, ಮನೆಯ ದೊಡ್ಡ ಅಳಿಯನೇ ಇಲ್ಲದೆ ನನ್ನ ತಂಗಿಯ ರೋಸ್ ಆದರೆ ಊರವರಿಗೆ ನಾನು ಹೇಗೆ ಮುಖ ತೋರಿಸಲಿ? ರಜೆ ಸಿಗದಿದ್ದರೆ ನಿಮ್ಮ ಕತೆ ಖಲಾಸ್!" (ರೋಸ್ ಎಂದರೆ ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ಶಾಸ್ತ್ರ. ನನಗೆ ಅಂದೇ ಮೀಯಿಸಿ ಆಗಿತ್ತು.)

ಗುರುವಾರ ನಾನೂ ವಿಲ್ಮಾಳೂ ವಿಲ್ಲಾ ತಲುಪಿದಾಗ ದೊರೆ ಕಪ್ತಾನನ ಟೋಪಿ ಧರಿಸಿ ವಿರಾಜಮಾನರಾಗಿದ್ದರು. ಹಜಾರದ ಉದ್ದಕ್ಕೆ ದಪ್ಪ ಹಗ್ಗ. ಅದರ ಒಂದು ತುದಿಗೆ ಆರೇಳು ಜನ ದಾಂಡಿಗರು, ಇನ್ನೊಂದು ತುದಿಗೆ ನಾನು. "ನೀವೇ ಹಡಗಿನ ಕಂಬ, ಗಟ್ಟಿಯಾಗಿ ಹಿಡಿಯಿರಿ, ಹಾಡಿ!" ಎಂದರು.

ಕಣ್ಣು ಮುಚ್ಚಿ ಶುರು ಮಾಡಿದೆ. ಮಾತು ದೊರೆ ಮೊದಲೇ ಬರೆದುಕೊಟ್ಟಿದ್ದ ನಾವಿಕರ ಹಾಡಿನದ್ದೇ, ಸತ್ಯವಾಗಿ. ಆದರೆ ಗಂಟಲಿಗೆ ಗೊತ್ತಿದ್ದದ್ದು ಒಂದೇ ನಡಿಗೆ, ಶವಪೆಟ್ಟಿಗೆಯ ಹಿಂದಿನದು. ಮೊದಲ ಸಾಲು ಮುಗಿಯುವಷ್ಟರಲ್ಲಿ ಮೇಜಿನ ಮೇಲಿನ ಸಮೋಸಾ ತಣ್ಣಗಾಗಿತ್ತು. ಕಣ್ಣು ಬಿಟ್ಟು ನೋಡುತ್ತೇನೆ, ಹಗ್ಗ ಹಿಡಿದವರೆಲ್ಲ ತಲೆ ತಗ್ಗಿಸಿ ನಿಂತಿದ್ದಾರೆ. ನಮ್ಮ ಅಕೌಂಟ್ಸಿನ ಫಿಡೆಲಿಸ್ ಶಿಲುಬೆಯ ಗುರುತು ಮಾಡಿಕೊಂಡ. ದೊರೆ ಮೆಲ್ಲಗೆ ಟೋಪಿ ತೆಗೆದರು. ಎಳೆಯುವವರು ಮಾತ್ರ ಯಾರೂ ಇಲ್ಲ. ಹೋಯಿತು ರಜೆ ಎಂದುಕೊಂಡೆ.

ವಿಲ್ಮಾ ತಟ್ಟೆ ಕುಕ್ಕಿ ಎದ್ದಳು. "ಇದೆಂತ, ಸತ್ತವರ ಮನೆಯಾ?" ಎಂದವಳೇ ಚಪ್ಪಾಳೆ ತಟ್ಟುತ್ತಾ ಕೊಂಕಣಿಯ ವೊವಿ ಎತ್ತಿಕೊಂಡಳು. ರೋಸಿನ ಚಪ್ಪರದ ಹಾಡು. ಒಬ್ಬಳು ಸಾಲು ಹೇಳಬೇಕು, ಚಪ್ಪರವಿಡೀ ಅದನ್ನೇ ಮತ್ತೆ ಹೇಳಬೇಕು. ಮೊದಲು ಫಿಡೆಲಿಸ್ ದನಿಗೂಡಿಸಿದ, ಆಮೇಲೆ ಇಡೀ ಹಜಾರ. "ಇದು ನಮ್ಮ ಹಡಗಿನ ಪದ್ಧತಿಯೇ! ಯಲ್ಲಾ, ಎಳೆಯಿರಿ!" ಎಂದು ದೊರೆ ಕುಣಿದರು.

ಎಳೆದರು. ಗಟ್ಟಿಯಾಗಿ ಹಿಡಿಯಲು ಹೇಳಿದ್ದರಲ್ಲ, ನಾನು ಬಿಡಲಿಲ್ಲ. ಹಡಗಿನ ಕಂಬ ಬುಡಸಮೇತ ಕಿತ್ತು, ಕಾರ್ಪೆಟ್ಟಿನ ಮೇಲೆ ಬೋರಲಾಗಿ ಜಾರಿ, ದೊರೆಯ ಪಾದಕ್ಕೆ ಬಂದು ನಿಂತಿತು.

ದೊರೆ ನನ್ನನ್ನು ಎಬ್ಬಿಸುವಾಗ ನಗುನಗುತ್ತಲೇ ಹೇಳಿದರು: "ಇಂಥ ಹಾಡಿರುವ ಮದುವೆಗೆ ವಿಲ್ಮಾ ಹೋಗಲೇಬೇಕು. ಅವರ ಪೆಟ್ಟಿಗೆ ಹೊರಲು ನೀವೂ ಹೋಗಿ. ರಜೆ ಕೊಟ್ಟೆ!"

ಅಬ್ಬಾ! ಎದೆಯ ಮೇಲಿನ ಅರೆಯುವ ಕಲ್ಲು ಇಳಿದಂತಾಯಿತು. ಹೊರಡುವಾಗ ದೊರೆ ನನ್ನ ಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

"ನಿಮ್ಮ ಹಾಡನ್ನೂ ಮರೆಯಲಾರೆ, ವಲೇರಿಯನ್. ಮಾತು ಕೊಡಿ. ನಾನು ಸತ್ತ ದಿನ ನೀವೇ ಹಾಡಬೇಕು."

ಕೊಟ್ಟೆ. ಅಲ್ ಥುಮಾಮಾದ ನಮ್ಮ ಮನೆಯ ಕಡೆ ಕಾರು ತಿರುಗಿದಾಗ ಖುಷಿ ತಡೆಯಲಾಗದೆ ಒಂದು ಸಾಲು ಗುನುಗಿದೆ.

"ಶ್ಶ್!" ಎಂದಳು ವಿಲ್ಮಾ. "ದೊರೆ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರು ಸಾಯುವ ತನಕ ಬಾಯಿ ಮುಚ್ಚಿಕೊಂಡಿರಿ."