ಹೆಸರಿಲ್ಲದ ಅತ್ತರು

ಕಣ್ಣಿಗೆ ರೆಪ್ಪೆ ಇದೆ, ಬಾಯಿಗೆ ತುಟಿ ಇದೆ, ಬೇಡದ ಮಾತು ಬಂದರೆ ಕಿವಿಗೆ ತುರುಕಲು ಬೆರಳಾದರೂ ಇದೆ. ಮೂಗಿಗೆ ಮಾತ್ರ ಬಾಗಿಲೇ ಇಲ್ಲ. ಇದಕ್ಕೆ ಯಾರನ್ನಾದರೂ ಬೈಯೋಣವೆಂದರೆ ನಾವು ಜೈನರು, ನಮ್ಮಲ್ಲಿ ಜಗತ್ತನ್ನು ಮಾಡಿದವನು ಎಂಬವನೇ ಇಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಮೂಗಿನ ತಕರಾರೆಲ್ಲ ಕೊನೆಗೆ ನನ್ನ ತಲೆಗೇ ಬರುತ್ತದೆ. ನಾನು ಶಿರಗುಪ್ಪಿಯ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತ. ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ, ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ವಾಸನೆ ಅಂಗಿಗೆ, ತಲೆಗೂದಲಿಗೆ, ಕೊನೆಗೆ ನನ್ನ ಊಟದ ಡಬ್ಬಿಗೂ ಹತ್ತುತ್ತದೆ. ನನ್ನ ಹೆಂಡತಿ ಪದ್ಮಾ ಹೇಳುವುದು ಹೀಗೆ: "ನೀವು ಓಣಿ ತಿರುವಿನ್ಯಾಗ ಇದ್ದಾಗನ ನಂಗ ಗೊತ್ತಾಗತೈತ್ರಿ. ಮೊದಲ ನೊಣಾ ಬರ್ತಾವ, ಆಮ್ಯಾಲೆ ನೀವ್ ಬರ್ತೀರಿ."

ಮನೆಯಲ್ಲಿ ಇನ್ನೊಂದು ಮೂಗಿದೆ, ನಮ್ಮ ಅವ್ವನದು. ಆಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ಕಾಣುತ್ತಿತ್ತು, ಮನುಷ್ಯರು ಮಬ್ಬುಮಬ್ಬಾಗಿ ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಚಿಕ್ಕೋಡಿಯ ಡಾಕ್ಟರು ಪೊರೆ ಪೂರ್ತಿ ಬಲಿತಿದೆ, ಇನ್ನೂ ತಡಮಾಡಿದರೆ ಇದ್ದ ನೋಟವೂ ಹೋಗಬಹುದು ಎಂದು ಹೆದರಿಸಿ ಕಳಿಸಿದ್ದರು. ಅವ್ವ ಮಾತ್ರ ಆಪರೇಶನ್ನಿಗೆ ಜಪ್ಪಯ್ಯ ಅಂದರೂ ಒಪ್ಪಳು. "ನಿಮ್ಮಪ್ಪ ಇದ್ದಿದ್ರ ಅವರನ್ನ ಕೇಳಿ ಮಾಡಸ್ಕೋತಿದ್ದೆ. ಅವರನ್ನ ಕೇಳದ ನಾ ಒಂದು ಸೀರಿ ಸೈತ ತಗೊಂಡಾಕಿ ಅಲ್ಲ," ಎಂಬುದೇ ಅವಳ ಕೊನೆಯ ಮಾತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇಲ್ಲದವರ ಒಪ್ಪಿಗೆ ತರುವುದು ಹೇಗೆಂದು ತಲೆ ಕೆಡಿಸಿಕೊಂಡು ನಾನು ಸುಮ್ಮನಾದೆ. ಅವ್ವ ದಿನಾ ಗೋಡೆ ಹಿಡಿದೇ ಬಚ್ಚಲಿಗೆ ಹೋಗುತ್ತಿದ್ದಳು.

ಈ ನಡುವೆ ನಿಪ್ಪಾಣಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ಹೆಣ್ಣಿನ ಕಡೆಯವರೊಬ್ಬರು ಮುಂಗೈಗೆ ಅತ್ತರು ಸವರಿದರು. ಅವತ್ತು ಸಂಜೆಯವರೆಗೆ ಪದ್ಮಾ ನನ್ನಿಂದ ದೂರ ಸರಿಯಲಿಲ್ಲ. ಇದೇ ಸರಿಯಾದ ಔಷಧವೆಂದು ಮಾರನೆಯ ವಾರ ಮತ್ತೆ ನಿಪ್ಪಾಣಿಗೆ ಹೋಗಿ, ತಂಬಾಕಿನ ಗೋದಾಮುಗಳ ಹಿಂದಿನ ಗಲ್ಲಿಯಲ್ಲಿ ಅತ್ತರಿನ ಅಂಗಡಿ ಹುಡುಕಿದೆ. ಊರಿಡೀ ತಂಬಾಕಿನ ಘಾಟು, ಅದರ ನಡುವೆ ಅಂಗಡಿಯ ಮುದುಕ ಚಾಚಾ ಗುಲಾಬಿ ಅತ್ತರು ಮಾರುತ್ತ ಕುಳಿತಿದ್ದ. ಅವನ ಧೈರ್ಯಕ್ಕೆ ಮೆಚ್ಚಬೇಕು. ನಾನು ಮೊದಲು ಕೇಳಿದ್ದು, "ಇದರಾಗ ಕಸ್ತೂರಿ ಗಿಸ್ತೂರಿ ಇಲ್ಲಲ್ಲ?" ಪ್ರಾಣಿಯಿಂದ ಬಂದದ್ದು ನಮಗೆ ನಡೆಯುವುದಿಲ್ಲ. ಚಾಚಾ ನಕ್ಕ. "ನಿಮ್ಮ ಮಂದಿ ಮೊದಲ ಇದನ್ನ ಕೇಳ್ತಾರ್ರಿ ಸಾಹೇಬ, ಆಮ್ಯಾಲೆ ಮೂಗ ಮುಂದ ತರ್ತಾರ. ಎಲ್ಲಾ ಹೂವಿಂದು, ಬೇರಿಂದು, ಮಣ್ಣಿಂದು. ನಾನ ಕೈಯಾರ ಮಾಡಿದ್ದು. ಏಕ್ ನಂಬರ್!"

ಮೊದಲು ಗುಲಾಬಿ ಒಯ್ದೆ. ಅದನ್ನು ಹಚ್ಚಿಕೊಂಡು ಕಾರ್ಖಾನೆಗೆ ಹೋದ ದಿನ ಕಾವಲುಗಾರ ಗೇಟಿನಲ್ಲೇ "ಯಾರ್ದ್ರಿ ಮದುವಿ?" ಎಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಗುಲಾಬಿ ಮತ್ತು ಕಾಕಂಬಿ ಸೇರಿ ಗುಲ್ಕನ್ನಿನ ವಾಸನೆ ಬಂತು. ಆಮೇಲೆ ಮಣ್ಣಿನ ಅತ್ತರು, ಮೊದಲ ಮಳೆ ಬಿದ್ದ ನೆಲದ ವಾಸನೆ. ಅದು ನನಗೆ ಬಹಳ ಹಿಡಿಸಿತು, ಆದರೆ ತೂಕದ ಕಾಟಾದ ಹತ್ತಿರ ಟ್ರ್ಯಾಕ್ಟರ್ ನಿಲ್ಲಿಸಿಕೊಂಡಿದ್ದ ರಾಯಬಾಗ ಕಡೆಯ ರೈತನೊಬ್ಬ ನಾನು ಹಾದುಹೋದ ಕೂಡಲೇ ಆಕಾಶ ನೋಡಿದ. "ಮಳಿ ಬಂತಂದ್ರ ಗಾಡಿ ಹೊಲದಾಗ ಹುಗಿತಾವಲೇ!" ಎಂದು ಅವನು ಕೂಗಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ಮುಂದೆ ನುಗ್ಗಿ ಗದ್ದಲವಾಯಿತು. ಮೋಡದ ತುಣುಕೂ ಇರಲಿಲ್ಲ. ನಾನು ಅತ್ತರಲ್ಲಿ ಅದ್ದಿ ಕಿವಿಯಲ್ಲಿಟ್ಟುಕೊಂಡಿದ್ದ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡೆ. ಮೂರನೆಯದು ಕೇದಿಗೆ. ಅದರ ವಾಸನೆಗೆ ಹಾವು ಬರುತ್ತದೆಂದು ನನ್ನ ಪಕ್ಕದ ಟೇಬಲ್ಲಿನವರು ಇಡೀ ದಿನ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತರು. ಪದ್ಮಾ ಆ ಶೀಸೆಯನ್ನು ಮನೆಯೊಳಗೇ ಬಿಡಲಿಲ್ಲ.

ಮೂರನ್ನೂ ಹಿಂದಿರುಗಿಸಲು ಹೋದಾಗ ಚಾಚಾ ಬೇಜಾರು ಮಾಡಿಕೊಳ್ಳದೆ ಪೆಟ್ಟಿಗೆಯ ತಳದಿಂದ ಚೀಟಿಯಿಲ್ಲದ ಒಂದು ಶೀಸೆ ತೆಗೆದ. "ಇದಕ್ಕ ಹೆಸರ ಇಲ್ರಿ. ನಾಕೈದು ಕೂಡಿಸಿದ್ದು. ನಿಮ್ಮ ಕಾಗವಾಡ ಕಡೀ ಹಳೇ ವ್ಯಾಪಾರಸ್ಥರು ಇದನ್ನ ಒಯ್ತಿದ್ರು. ಈಗ ಯಾರೂ ಕೇಳಂಗಿಲ್ಲ." ಮೂಗಿಗೆ ಹಿಡಿದೆ. ಒಣಗಿದ ಬೇರು, ಹಳೆಯ ಪೆಟ್ಟಿಗೆ, ಎಲ್ಲೋ ದೂರದಲ್ಲಿ ಗಂಧ. ಯಾಕೋ ಕುತ್ತಿಗೆಯ ಹಿಂದೆ ತಣ್ಣಗಾಯಿತು. ಬೆವರಿರಬೇಕೆಂದುಕೊಂಡು ಕೊಂಡುಕೊಂಡೆ.

ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಆಮೇಲೆ ಒಂದು ಅಗುಳೂ ಬಾಯಿಗೆ ಹೋಗುವುದಿಲ್ಲ. ಆ ಸಂಜೆ ಕೆಲಸ ಮುಗಿಸಿ, ಕಿವಿಯ ಮಡಿಕೆಯಲ್ಲಿ ಹೊಸ ಅತ್ತರಿನ ಹತ್ತಿ ಇಟ್ಟುಕೊಂಡು ಮನೆಗೆ ಬಂದೆ. ಪಡಸಾಲೆಯಲ್ಲಿ ಬಿಸಿಲು ಕೆಂಪಗೆ ಬಿದ್ದಿತ್ತು. ಅವ್ವ ಮಂಚದ ಮೇಲೆ ಕುಳಿತಿದ್ದಳು. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಗಡಬಡಿಸಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. "ಬಂದ್ರ್ಯಾ? ಕೈಕಾಲ ತೊಳ್ಕೊಳ್ರಿ, ಹೊತ್ತ ಮುಳಗಾಕ ಬಂತು." ಯಾರೋ ಬೀಗರು ಬಂದಿರಬೇಕೆಂದು ನಾನು ಹಿಂದೆ ತಿರುಗಿ ನೋಡಿದೆ. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಅವ್ವ ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದಳು: "ಪದ್ಮಾ, ಇನ್ನೊಂದ ತಾಟ ಹಾಕ. ನಿಮ್ಮ ಮಾವಾರು ಬಂದಾರ."

ಪದ್ಮಾಳ ಕೈಯಿಂದ ಸವಟು ಬಿತ್ತು. ಆಗ ನನ್ನ ಮೂಗಿಗೆ ನೆನಪಾಯಿತು. ಬಟ್ಟೆ ಅಂಗಡಿ ಮುಚ್ಚಿಕೊಂಡು ಅಪ್ಪ ದಿನಾ ಇದೇ ಹೊತ್ತಿಗೆ ಬರುತ್ತಿದ್ದರು, ಕಿವಿಯಲ್ಲಿ ಹತ್ತಿ, ಮೈಯಲ್ಲಿ ಇದೇ ವಾಸನೆ. ಬಂದು ಬಾಗಿಲ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕುಳಿತು, ಒಮ್ಮೆ ಕೆಮ್ಮಿ, ನೀರು ಕೇಳುತ್ತಿದ್ದರು. ಕುರ್ಚಿ ಈಗಲೂ ಅಲ್ಲೇ ಇದೆ.

ಪದ್ಮಾ ನನ್ನನ್ನು ಹಿತ್ತಲಿಗೆ ಎಳೆದೊಯ್ದು, "ಆ ಶೀಸೆ ಬಚ್ಚಲಕ್ಕ ಸುರವ್ರಿ! ನಂಗ ಮೈ ಝುಂ ಅನ್ನಾಕತ್ತೈತಿ," ಎಂದಳು. ನಾನು ಧೈರ್ಯ ಹೇಳಿದೆ. ನಮ್ಮ ಶಾಸ್ತ್ರದ ಪ್ರಕಾರ ಜೀವ ದೇಹ ಬಿಟ್ಟ ಕೂಡಲೇ ಬೇರೆ ಜನ್ಮಕ್ಕೆ ಹೊರಟುಬಿಡುತ್ತದೆ. ಮನೆಗೆ ಬಂದು ಕುರ್ಚಿಯಲ್ಲಿ ಕೂಡಲು ಅದಕ್ಕೆ ಪುರುಸೊತ್ತೆಲ್ಲಿದೆ? ಹೀಗೆ ವಿವರಿಸುವಾಗ ನನ್ನ ಧ್ವನಿ ಸ್ವಲ್ಪ ನಡುಗಿತೆಂದು ಪದ್ಮಾ ಹೇಳುತ್ತಾಳೆ. ಇರಲಿ. ಅಷ್ಟರಲ್ಲಿ ನನ್ನ ಗುಮಾಸ್ತನ ತಲೆಗೆ ಒಂದು ಉಪಾಯ ಹೊಳೆದಿತ್ತು. ಅವ್ವ ಅಪ್ಪನ ಮಾತು ಮಾತ್ರ ಕೇಳುತ್ತಾಳೆ. ಅಪ್ಪನ ವಾಸನೆ ನನ್ನ ಜೇಬಿನಲ್ಲಿದೆ. ಇನ್ನು ಬೇಕಾದದ್ದು ಒಂದು ಕೆಮ್ಮು.

ಮರುದಿನ ಎರಡೂ ಕಿವಿಗೆ ಹತ್ತಿ ಇಟ್ಟು, ದಾರಿಯುದ್ದಕ್ಕೂ ಅಪ್ಪನ ಕೆಮ್ಮು ಅಭ್ಯಾಸ ಮಾಡುತ್ತ ಬಂದೆ. ಬಾಗಿಲಲ್ಲಿ ನಿಂತೆ. ಕೆಮ್ಮಿದೆ. ಅವ್ವ ಸೆರಗು ಸರಿಮಾಡಿಕೊಂಡು ಬೆತ್ತದ ಕುರ್ಚಿಯ ಕಡೆ ಮುಖ ತಿರುಗಿಸಿದಳು. ಪಾಪ, ಕಣ್ಣು ಕಾಣುವುದಿಲ್ಲ, ನಾನು ಎಲ್ಲಿ ನಿಂತಿದ್ದೇನೆಂದು ಗೊತ್ತಾಗಿಲ್ಲ ಎಂದುಕೊಂಡೆ. "ಕಣ್ಣಿಂದು ಆಪರೇಶನ್ ಮಾಡಸ್ಕೋ ಅಂತಾನ್ರಿ ಮಗಾ," ಎಂದಳು ಅವ್ವ, ಮೆಲ್ಲಗೆ, ಹೊಸ ಸೊಸೆಯ ದನಿಯಲ್ಲಿ. "ನಂಗ ಅಂಜಿಕಿ ಬರತೈತಿ. ಕಣ್ಣ ಪೂರಾ ಹೋದ್ರ? ನೀವರೆ ಇಲ್ಲ, ಯಾರ ಕೈ ಹಿಡದ ಅಡ್ಡಾಡ್ಲಿ?" ನಾನು ಬಾಯಿಪಾಠ ಮಾಡಿದ್ದ ಮಾತೆಲ್ಲ ಮರೆತುಹೋಯಿತು. "ಮಾಡಸ್ಕೋ," ಎಂದಷ್ಟೇ ಅಂದೆ, ಮತ್ತೆ ಕೆಮ್ಮಿದೆ. ಅವ್ವ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿಸಿಕೊಳ್ಳುವವಳಂತೆ ಕುಳಿತಳು. ಒಮ್ಮೆ ಸಣ್ಣಗೆ ನಕ್ಕಳು. ಒಮ್ಮೆ ಕಣ್ಣೊರೆಸಿಕೊಂಡಳು. ಆಮೇಲೆ, "ಹೂಂ, ನೀವ್ ಅಂದಂಗ ಆಗ್ಲಿ," ಎಂದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ನಾನು ಎಂಥ ನಟನೆಂಬ ಜಂಬ ನನಗೆ. ಇಡೀ ಕಾರ್ಖಾನೆಗೆ ಹೇಳಿಕೊಂಡು ತಿರುಗಿದೆ. ಅವ್ವ ಈಗ ಅಕ್ಕಿಯೊಳಗಿನ ಹರಳನ್ನು ನಮಗಿಂತ ಮೊದಲು ಕಾಣುತ್ತಾಳೆ, ನನ್ನ ಅಂಗಿಯ ಕಲೆಯನ್ನೂ. ಒಂದು ಮಧ್ಯಾಹ್ನ ಹೀಗೇ ಅಕ್ಕಿ ಆರಿಸುತ್ತ ಕೇಳಿದಳು: "ತಮ್ಮಾ, ಅವತ್ತ ನೀ ಬಾಗಲದಾಗ ನಿಂತ ಅಷ್ಟ್ಯಾಕ ಕೆಮ್ಮಾಕತ್ತಿದ್ದಿ? ನಿಮ್ಮಪ್ಪ ಖುರ್ಚಿ ಮ್ಯಾಲ ಕುಂತ ನಂಗ ನಾಕ ಮಾತ ಹೇಳಾಕತ್ತಿದ್ರು. ನೀ ನಡುಬಾಯಿ ಹಾಕಿ 'ಮಾಡಸ್ಕೋ' ಅಂದಿ. ಅರ್ಧಾ ಮಾತ ಕೇಳಲೇ ಇಲ್ಲ ನಂಗ."

ಅಪ್ಪ ಏನು ಹೇಳಿದರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಶೀಸೆಯನ್ನು ಅವತ್ತೇ ಬಚ್ಚಲಿಗೆ ಸುರಿದೆ. ಈಗ ನಾನು ಯಾವ ಅತ್ತರನ್ನೂ ಹಚ್ಚುವುದಿಲ್ಲ. ಅಚ್ಚ ಕಾಕಂಬಿ. ಪದ್ಮಾಳೂ, "ಇದ ಚಲೋ ಬಿಡ್ರಿ, ನೀವ್ ನೀವ ಅಂತರೆ ಗೊತ್ತಾಗತೈತಿ," ಎನ್ನುತ್ತಾಳೆ.

ನಿನ್ನೆ ಸಂಜೆ ಮನೆಗೆ ಬಂದೆ. ಬಿಸಿಲು ಕೆಂಪಗಿತ್ತು. ಅವ್ವ ಮಂಚದಿಂದ ಎದ್ದು ಸೆರಗು ಎಳೆದುಕೊಂಡು, "ಬಂದ್ರ್ಯಾ? ಕೈಕಾಲ ತೊಳ್ಕೊಳ್ರಿ," ಎಂದಳು. ತಾಯಿ ಮಗನಿಗೆ ಬಹುವಚನ ಕೊಡುವಷ್ಟು ನನ್ನ ತೂಕ ಏರಿತಲ್ಲ ಎಂದು ಹಿಗ್ಗಿ, ಚಪ್ಪಲಿ ಬಿಡುತ್ತಲೇ "ಹೂಂ ಬೇ ಅವ್ವಾ, ಬಂದೆ," ಎಂದೆ.

ಅವ್ವ ತನ್ನ ಹೊಸ ಕಣ್ಣುಗಳಿಂದ ನನ್ನನ್ನು ನೆಟ್ಟಗೆ ನೋಡಿದಳು.

"ನಿನಗಲ್ಲೋ ತಮ್ಮಾ," ಎಂದಳು. "ಸ್ವಲ್ಪ ಸರದ ನಿಂದರ. ಅವರಿಗೆ ಒಳಗ ಬರಾಕ ದಾರಿ ಬಿಡ."