ಕಸದ ಗುಡ್ಡದ ಬೆಳಕು

ಆಲ್ವಿನ್ ಕ್ಯಾಮೆರಾದ ಟ್ರೈಪಾಡನ್ನು ಗಾಡಿಗೆ ಹಾಕುವಾಗ ಅದು ಠಣ್ ಎಂದಿತು. ಅಷ್ಟೇ ಸಾಕಾಯಿತು, ಪಕ್ಕದ ಮನೆಯ ಮಾರ್ಜ್ ಬೇಲಿಯ ಮೇಲೆ ತಲೆ ಎತ್ತಿದಳು.

ಮಾರ್ಜ್ ಟ್ರೆನರಿ ಕ್ವಾರ್ನ್ ಊರಿನ ಫೋಟೊ ಸಂಘದ ಕಾರ್ಯದರ್ಶಿ. ಸಂಘದವರ ಜೊತೆ ಹೋಗಿ ಆಲ್ವಿನ್ ಹಾಕಿಂಗ್ ತೆಗೆದ ಒಂದೊಂದು ಬೆಟ್ಟದ ಮುಂದೆಯೂ ಯಾರದೋ ಟೊಪ್ಪಿ, ಯಾರದೋ ಮೊಣಕೈ ಇರುತ್ತಿತ್ತು. ಈ ಸಲದ ಪ್ರದರ್ಶನಕ್ಕಾದರೂ ಮನುಷ್ಯರಿಲ್ಲದ ಒಂದು ಚಿತ್ರ ಕೊಡಬೇಕೆಂದು ಅವನು ಹಟ ತೊಟ್ಟಿದ್ದ.

“ಎಲ್ಲಿಗಪ್ಪಾ ಸವಾರಿ?”

ಬಾಯಿಗೆ ಬಂದ ಒಣಹೊಳೆಯ ಹೆಸರನ್ನು ನುಂಗಿಕೊಂಡು ಆಲ್ವಿನ್, “ಊರಾಚೆ ಕಸದ ಗುಡ್ಡಕ್ಕೆ” ಎಂದ.

“ಕ್ಯಾಮೆರಾ ಹಿಡ್ಕೊಂಡಾ?”

“ಹೂಂ. ಅಲ್ಲಿ ಬೆಳಕು ಚೆನ್ನಾಗಿರುತ್ತೆ.”

ಇನ್ನು ಯಾರೂ ಬೆನ್ನು ಹತ್ತಲಾರರೆಂದು ಶಿಳ್ಳೆ ಹಾಕುತ್ತ ಹೊರಟ.

ಒಣಹೊಳೆಯ ನಡುವೆ ಮುದಿ ನೀಲಗಿರಿ ಮರ, ಅದರ ಬೆನ್ನಿಗೆ ಕೆಂಪು ಬೆಟ್ಟ. ಮೋಡ ಸರಿದು ಸಂಜೆಯ ಬಿಸಿಲು ಬೀಳುವುದನ್ನೇ ಕಾಯುತ್ತ ಕೂತ. ನೊಣಗಳು ಮದುವೆ ಮನೆಗೆ ಬಂದ ನೆಂಟರ ಹಾಗೆ ಅವನ ಮೂಗಿನ ಮೇಲೆ ಪಂಕ್ತಿ ಕೂತವು. ಆಳೆತ್ತರದ ಎಮು ಹಕ್ಕಿಯೊಂದು ಬಂದು ಕ್ಯಾಮೆರಾದೊಳಗೆ ಇಣುಕಿ, ಟ್ರೈಪಾಡನ್ನು ಕೆಡವಿ, ತನಗೇನೂ ಗೊತ್ತಿಲ್ಲವೆಂಬಂತೆ ನಡೆದುಹೋಯಿತು. ಆಲ್ವಿನ್ ಬೈಯುತ್ತ ಟ್ರೈಪಾಡನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಗಾಡಿಯಲ್ಲಿದ್ದ, ಸಂಘದವರು ಪರಸ್ಪರ ಮಾತಾಡುವ ರೇಡಿಯೊ ಗೊರಗುಟ್ಟಿತು. ಸಂಘದ ಹಿರಿಯ ಸದಸ್ಯ, ಹಿಂದೆ ಲಾರಿ ಓಡಿಸುತ್ತಿದ್ದ ಕ್ಲಾರಿ.

“ಎಲ್ಲಿದ್ದೀಯೋ ಮಾರಾಯ? ನಾವೆಲ್ಲ ಬಂದಿದ್ದೀವಿ.”

“ಎಲ್ಲಿಗೆ?”

“ಕಸದ ಗುಡ್ಡಕ್ಕೆ. ಆಲ್ವಿನ್ ಸುಮ್ಸುಮ್ನೆ ಹೋಗೋನಲ್ಲ, ಅಲ್ಲೇನೋ ಇದೆ ಅಂತ ಮಾರ್ಜ್ ಎಳ್ಕೊಂಡು ಬಂದ್ಲು.”

ಆಲ್ವಿನ್ ಹಣೆ ಒತ್ತಿಕೊಂಡ. “ನಾನು ಗುಡ್ಡದ ಆ ಕಡೆ ಪಕ್ಕದಲ್ಲಿದ್ದೀನಿ.”

“ಹಳೇ ಫ್ರಿಜ್ಜುಗಳ ಹತ್ರಾನಾ?”

“ಅದಕ್ಕಿಂತ ಆಚೆ.”

ಸ್ವಲ್ಪ ಹೊತ್ತಿಗೆ ಮತ್ತೆ ಗೊರಗೊರ. “ಆಚೆ ಬಂದ್ವಿ. ಹರಿದ ಸೋಫಾ ಇದೆ, ನೀನಿಲ್ಲ.”

“ಇನ್ನೂ ಆಚೆ.”

ಮೋಡದ ಅಂಚು ಹೊಳೆಯತೊಡಗಿತು. ಇನ್ನೇನು ಬಿಸಿಲು ಬರಬೇಕು, ಮಾರ್ಜಳ ಅಳುದನಿ ಬಂತು. “ಆಲ್ವಿನ್, ಹಾವು ಗೀವು ಕಚ್ಚಿತೇನೋ? ಎಲ್ಲರೂ ಒಂದೊಂದು ದಿಕ್ಕಿಗೆ ಹುಡುಕ್ತಿದ್ದೀವಿ. ಕ್ಲಾರಿ ಪೊಲೀಸರಿಗೆ ಹೇಳೋಕೆ ಹೊರಟಿದಾನೆ.”

ಪೊಲೀಸರು ಬಂದು ಕಸದಲ್ಲಿ ತನ್ನ ಹೆಣ ಹುಡುಕಿದರೆ ಊರಿನಲ್ಲಿ ತಲೆ ಎತ್ತುವಂತಿಲ್ಲ. “ಬಂದೆ, ಅಲ್ಲೇ ಇರಿ” ಎಂದು ಆಲ್ವಿನ್ ಎಲ್ಲವನ್ನೂ ಗಾಡಿಗೆ ತುಂಬಿ ಓಡಿಸಿದ. ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದರೆ, ಹಿಂದೆ ಮರವೂ ಬೆಟ್ಟವೂ ಕಾಯಿಸಿದ ತಾಮ್ರದಂತೆ ಉರಿಯುತ್ತಿದ್ದವು. ಗಾಡಿ ತಿರುಗಿಸಲು ಜಾಗವಿರಲಿಲ್ಲ.

ಅವನು ತಲುಪುವಾಗ ಸೂರ್ಯ ಮುಳುಗಿದ್ದ. ಮಾರ್ಜ್ ಓಡಿಬಂದು ತಬ್ಬಿಕೊಂಡಳು.

“ನಿನ್ನ ಹುಡುಕ್ತಾ ಗುಡ್ಡದ ತುದಿಗೆ ಹತ್ತಿದ್ವಾ, ಎಂಥಾ ಬೆಳಕು ಬಂತು ಅಂತೀಯ. ನೋಡು” ಎಂದು ತನ್ನ ಕ್ಯಾಮೆರಾ ಮುಂದೆ ಹಿಡಿದಳು.

ನೋಡಿದ. ಬಂಗಾರದ ಬೆಟ್ಟಸಾಲು, ಮೇಲೆ ಸುತ್ತುವ ಗಿಡುಗಗಳು. ಕ್ಲಾರಿಯ ಕ್ಯಾಮೆರಾದಲ್ಲೂ ಅದೇ. ಎಲ್ಲರೂ ಚದುರಿಹೋಗಿದ್ದರಿಂದ ಯಾರ ಚಿತ್ರದಲ್ಲೂ ಒಂದು ನರಪಿಳ್ಳೆಯೂ ಇರಲಿಲ್ಲ.

“ಇನ್ನು ಎಲ್ಲಾ ಪ್ರವಾಸಕ್ಕೂ ನೀನೇ ಮುಂದಾಳು” ಎಂದಳು ಮಾರ್ಜ್. “ಜಾಗ ನೀನು ಹೇಳು, ನಾವೆಲ್ಲ ನಿನ್ನ ಹಿಂದೆ.”

“ಮತ್ತೆ ಕಳೆದುಹೋಗಬಾರದಲ್ಲ, ನಾನು ನಿನ್ನ ಗಾಡೀಲೇ ಕೂತ್ಕೋತೀನಿ” ಎಂದ ಕ್ಲಾರಿ. “ಮುಂದಿನ ಶನಿವಾರ ಎಲ್ಲಿಗೆ?”

“ಸ್ಮಶಾನಕ್ಕೆ” ಎಂದು ಆಲ್ವಿನ್ ಹಲ್ಲು ಕಡಿದ.

ಮಾರ್ಜ್ ಅವನನ್ನು ಭಕ್ತಿಯಿಂದ ನೋಡುತ್ತ ಮೆಲ್ಲಗೆ ಕೇಳಿದಳು:

“ಬೆಳಗಿನ ಬೆಳಕಿಗೋ, ಸಂಜೆ ಬೆಳಕಿಗೋ?”